ಕಡಿದುಹೋದ ವಿಳಾಸದ ಬೆನ್ನು ಹತ್ತಿ

ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವೊಂದರಲ್ಲಿ ‘ಕರ್ನಾಟಕದ ಕೆರೆಗಳ ಕಥೆ ಮತ್ತು ವ್ಯಥೆ’ ಎಂಬ ಶೀರ್ಷಿಕೆ ಕೊಟ್ಟು ಲೇಖನ ಪ್ರಕಟಿಸಿ. ಶೀರ್ಷಿಕೆಯೇ ವಿಳಾಸವಾಗುವಂತೆ ತಾಣ ಹೊಂದಿಸಿದ್ದರೆ, ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ‘ಕರ್ನಾಟಕದ-ಕೆರೆಗಳ-ಕಥೆ-ಮತ್ತ’ ಎಂದಷ್ಟೇ ಕಾಣುತ್ತದೆ. ವ್ಯಥೆ ಪೂರ್ತಿ ಮಾಯ. ‘ಮತ್ತು’ವಿನ ಕೊಂಬೂ ಮುರಿದುಬಿದ್ದು ಕೆರೆಯ ಕಥೆಗೆ ಮತ್ತೇರಿದೆ. ಇದರ ನಾಲ್ಕು ಪಟ್ಟು ಉದ್ದದ ಇಂಗ್ಲಿಷ್ ಶೀರ್ಷಿಕೆಗೆ ಈ ಗತಿ ಬರುವುದಿಲ್ಲ.

ಇಂಥದ್ದು ಕಣ್ಣಿಗೆ ಬಿದ್ದಾಗ ಹೆಚ್ಚಿನವರು ವಿಳಾಸವನ್ನು ಕೈಯಾರೆ ಇಂಗ್ಲಿಷ್ ಅಕ್ಷರಗಳಲ್ಲಿ ತಿದ್ದಿ ಮುಂದೆ ಹೋಗುತ್ತಾರೆ. ತಪ್ಪೇನಿಲ್ಲ, ಕೆಲಸ ಸಾಗಬೇಕಲ್ಲ. ಆದರೆ ‘ಹೀಗೇಕಾಯಿತು’ ಎಂದು ನಿಂತು ಕೇಳುವವರಿಗೆ ಉತ್ತರ ದೂರದಲ್ಲೇನೂ ಇಲ್ಲ. ತಾಣದೊಂದಿಗೆ ಸರ್ವರ್‌ಗೆ ಬಂದಿಳಿದ ಕಡತಗಳಲ್ಲೇ, ಯಾರು ಬೇಕಾದರೂ ತೆರೆದು ಓದಬಹುದಾದ ಕೋಡ್‌ನಲ್ಲೇ ಅದು ಇದೆ. ವೆಬ್ ಅಭಿವೃದ್ಧಿಯನ್ನು ತಾವೇ ಕಲಿಯಬೇಕೆನ್ನುವವರು ಸಿಎಂಎಸ್‌ನಿಂದ, ಅಂದರೆ ವಿಷಯ ನಿರ್ವಹಣಾ ವ್ಯವಸ್ಥೆಯಿಂದ, ಶುರುಮಾಡಿದರೆ ಆಗುವ ದೊಡ್ಡ ಲಾಭ ಇದೇ ಎಂದು ನನಗೆ ಅನ್ನಿಸುತ್ತದೆ: ಓಡುತ್ತಿರುವ ಯಂತ್ರ ಕಣ್ಣೆದುರಿಗೇ ಇರುತ್ತದೆ, ಅದರ ಮುಚ್ಚಳವೂ ತೆರೆದಿರುತ್ತದೆ.

ಸಿಎಂಎಸ್‌ಗಳು ಹಲವು ಇವೆ. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ 2001ರಲ್ಲಿ ಬಿಡುಗಡೆ ಮಾಡಿದ ದ್ರುಪಲ್ ಇದೆ, 2005ರಲ್ಲಿ ಮ್ಯಾಂಬೊದಿಂದ ಕವಲೊಡೆದ ಜೂಮ್ಲಾ ಇದೆ. ಆದರೆ ಜಗತ್ತಿನ ಜಾಲತಾಣಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಿಂತಿವೆ ಎನ್ನುತ್ತವೆ ಡಬ್ಲ್ಯು3ಟೆಕ್ಸ್‌ನ ಸಮೀಕ್ಷೆಗಳು. ಊರಿನ ಸಹಕಾರ ಸಂಘದ ತಾಣವೋ ಪರಿಚಯದವರ ಅಂಗಡಿಯ ತಾಣವೋ ಕೈಗೆ ಬಂದಾಗ ಅದು ವರ್ಡ್‌ಪ್ರೆಸ್ ಆಗಿರುವ ಸಂಭವ ಹೆಚ್ಚು. ಅದಕ್ಕೇ ಇಲ್ಲಿ ಅದನ್ನೇ ಹಿಡಿದು ಮಾತಾಡೋಣ.

ಅದರ ಹುಟ್ಟೂ ಸ್ವಂತ ಕಲಿಕೆಯವರಿಗೆ ಹಿಡಿಸುವಂಥದು. ಮಿಶೆಲ್ ವಾಲ್ಡ್ರಿಗಿ ಎಂಬವರು ಬರೆದ ‘ಬಿ2’ ಎಂಬ ತಂತ್ರಾಂಶದ ಬೆಳವಣಿಗೆ ನಿಂತುಹೋಗಿತ್ತು. ಅದನ್ನು ಬಳಸುತ್ತಿದ್ದ ಹ್ಯೂಸ್ಟನ್‌ನ 19 ವರ್ಷದ ವಿದ್ಯಾರ್ಥಿ ಮ್ಯಾಟ್ ಮುಲ್ಲೆನ್‌ವೆಗ್, ಇದನ್ನು ಯಾರಾದರೂ ಮುಂದುವರಿಸಿದರೆ ಒಳ್ಳೆಯದು ಎಂಬರ್ಥದಲ್ಲಿ 2003ರ ಜನವರಿಯಲ್ಲಿ ಬರೆದುಕೊಂಡ. ಇಂಗ್ಲೆಂಡಿನ ಮೈಕ್ ಲಿಟ್ಲ್ ‘ನಾನೂ ಕೈಜೋಡಿಸುತ್ತೇನೆ’ ಎಂದರು. ಬಿ2ದ ಪರವಾನಗಿ ಜಿಪಿಎಲ್ ಆಗಿದ್ದರಿಂದ ಕೋಡನ್ನು ಎತ್ತಿಕೊಂಡು ಬೆಳೆಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದೇ ವರ್ಷ ಮೇ 27ರಂದು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಹೊರಬಂತು. ಬೇರೆಯವರ ಕೋಡ್ ಓದಿ, ಅರ್ಥಮಾಡಿಕೊಂಡು, ಅದಕ್ಕೆ ತಮ್ಮದನ್ನು ಸೇರಿಸುತ್ತ ಹೋದದ್ದೇ ಈ ತಂತ್ರಾಂಶದ ಚರಿತ್ರೆ.

ಇಂದು ಕಲಿಯಲು ಹೊರಡುವವರ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ತಾಣದ ರೂಪಕ್ಕೆ ಒಂದು ಥೀಮ್ ಹಾಕುತ್ತಾರೆ, ಹೆಚ್ಚಿನ ಸೌಲಭ್ಯಕ್ಕೆ ಹತ್ತಾರು ಪ್ಲಗಿನ್ ಸೇರಿಸುತ್ತಾರೆ. ಏನೋ ಒಂದು ಬೇಕಾಗುತ್ತದೆ, ಅದು ಯಾವ ಬಟನ್‌ನಲ್ಲೂ ಸಿಗುವುದಿಲ್ಲ. ಹುಡುಕಿದಾಗ ಎಂಟು ಸಾಲಿನ ಕೋಡ್ ಸಿಗುತ್ತದೆ, ‘ಇದನ್ನು ಥೀಮ್‌ನ ಫಂಕ್ಷನ್ಸ್ ಕಡತದ ಕೊನೆಗೆ ಅಂಟಿಸಿ’ ಎಂಬ ಸೂಚನೆಯೊಂದಿಗೆ. ಈಗಂತೂ ಎಐ ಸಹಾಯಕಗಳೇ ಆ ಎಂಟು ಸಾಲನ್ನು ಬಡಿಸುತ್ತವೆ. ಅಂಟಿಸಿದರೆ ಕೆಲಸ ಆಗುತ್ತದೆ. ಇಲ್ಲವೇ ಒಂದು ಅರ್ಧವಿರಾಮ ಬಿಟ್ಟುಹೋಗಿ ಇಡೀ ತಾಣ ಬಿಳಿ ಹಾಳೆಯಾಗುತ್ತದೆ. 2019ರ 5.2ನೇ ಆವೃತ್ತಿಯಿಂದೀಚೆಗೆ ಬಿಳಿ ಹಾಳೆಯ ಬದಲು ‘ಗಂಭೀರ ದೋಷ’ ಎಂಬ ಸೂಚನೆ ಬರುತ್ತದೆ, ನಿರ್ವಾಹಕರಿಗೆ ಒಂದು ಇಮೇಲೂ ಹೋಗುತ್ತದೆ. ಗಾಬರಿ ಕಡಿಮೆಯಾಯಿತೇ ಹೊರತು ಗೊಂದಲ ಉಳಿದೇ ಇದೆ, ಏಕೆಂದರೆ ಆ ಎಂಟು ಸಾಲು ಯಾವಾಗ ಓಡುತ್ತದೆ, ಯಾರು ಅದನ್ನು ಕರೆಯುತ್ತಾರೆ ಎಂಬುದು ಅಂಟಿಸಿದವರಿಗೆ ತಿಳಿದಿಲ್ಲ.

ಪ್ರೋಗ್ರಾಮಿಂಗ್ ಕಲಿಯುವವರು ಎಡವುವುದೆಲ್ಲಿ ಎಂದು ಅಧ್ಯಯನ ಮಾಡಿದ ಬ್ರಿಟನ್‌ನ ಬೆನೆಡಿಕ್ಟ್ ಡು ಬೂಲೆ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಭಾಷೆಯ ವ್ಯಾಕರಣ ಕಲಿಯುವುದು ಒಂದು ಭಾಗ ಮಾತ್ರ. ಆ ಭಾಷೆಯಲ್ಲಿ ಹೇಳಿದ್ದನ್ನು ನಡೆಸುವ ಯಂತ್ರವೊಂದನ್ನು ಕಲಿಯುವವರು ತಮ್ಮ ತಲೆಯೊಳಗೆ ಕಟ್ಟಿಕೊಳ್ಳಬೇಕು. ಅದು ನಿಜವಾದ ಚಿಪ್, ತಂತಿಗಳ ಚಿತ್ರವಾಗಿರಬೇಕಿಲ್ಲ. ಈ ಸಾಲು ಬರೆದರೆ ಮುಂದೇನಾಗುತ್ತದೆ ಎಂದು ಊಹಿಸಲು ಸಾಕಾಗುವಷ್ಟು ಸರಿಯಾದ ಕಲ್ಪನೆಯಾದರೆ ಸಾಕು. ಅದಿಲ್ಲದೆ ಕಲಿತದ್ದೆಲ್ಲ ಬಿಡಿಬಿಡಿ ಮಂತ್ರಗಳಾಗಿ ಉಳಿಯುತ್ತವೆ. ವರ್ಡ್‌ಪ್ರೆಸ್ ಮಟ್ಟಿಗೆ ಆ ಕಲ್ಪನೆ ಕಟ್ಟಿಕೊಳ್ಳಲು ಇರುವ ನೇರ ದಾರಿ ಒಂದೇ ಒಂದು ಕೋರಿಕೆಯನ್ನು ಮೊದಲಿಂದ ಕೊನೆಯವರೆಗೆ ಹಿಂಬಾಲಿಸುವುದು.

ಓದುಗನೊಬ್ಬ ಕೆರೆಗಳ ಲೇಖನದ ಕೊಂಡಿ ಒತ್ತುತ್ತಾನೆ. ಬ್ರೌಸರ್‌ನಿಂದ ಹೊರಟ ಕೋರಿಕೆ ಸರ್ವರ್ ತಲುಪುತ್ತದೆ. ಆ ಹೆಸರಿನ ಕಡತವೇನೂ ಅಲ್ಲಿಲ್ಲ. ಹೀಗೆ ಕಡತ ಸಿಗದ ಕೋರಿಕೆಗಳನ್ನೆಲ್ಲ ಸರ್ವರ್ ಇಂಡೆಕ್ಸ್ ಎಂಬ ಒಂದೇ ಪಿಎಚ್‌ಪಿ ಕಡತಕ್ಕೆ ಒಪ್ಪಿಸುತ್ತದೆ. ಇಷ್ಟು ದೊಡ್ಡ ವ್ಯವಸ್ಥೆಯ ಹೆಬ್ಬಾಗಿಲಾದ ಆ ಕಡತ ತೆರೆದು ನೋಡಿದರೆ ನಗು ಬರುತ್ತದೆ: ಟಿಪ್ಪಣಿಗಳನ್ನು ಬಿಟ್ಟರೆ ಅಲ್ಲಿರುವುದು ಎರಡೇ ಆಜ್ಞೆಗಳು. ‘ಥೀಮ್ ಬಳಸು’ ಎನ್ನುವುದು ಒಂದು, ‘ಮುಂದಿನ ಕಡತವನ್ನು ಕರೆ’ ಎನ್ನುವುದು ಇನ್ನೊಂದು. ಅಲ್ಲಿಂದ ಕಡತ ಕಡತವನ್ನು ಕರೆಯುತ್ತ ಹೋಗಿ, ಡೇಟಾಬೇಸ್‌ನ ಗುಪ್ತಪದವಿರುವ ಕಾನ್ಫಿಗ್ ಕಡತ ಓದಲಾಗುತ್ತದೆ, ಬಳಿಕ ಪ್ಲಗಿನ್‌ಗಳು ಒಂದೊಂದಾಗಿ ಏರುತ್ತವೆ, ಅವುಗಳ ನಂತರ ಥೀಮ್‌ನ ಫಂಕ್ಷನ್ಸ್ ಕಡತ. ಈ ಕ್ರಮ ಗೊತ್ತಿಲ್ಲದೆ ಅದೆಷ್ಟೋ ಜನ, ಥೀಮ್‌ನಲ್ಲಿ ಬರೆದ ಫಂಕ್ಷನ್ನು ಪ್ಲಗಿನ್‌ಗೇಕೆ ಕಾಣಿಸುತ್ತಿಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಪ್ಲಗಿನ್ ಓದಿದ ಹೊತ್ತಿಗೆ ಥೀಮ್ ಇನ್ನೂ ಬಂದೇ ಇರುವುದಿಲ್ಲ.

ಎಲ್ಲರೂ ಸೇರಿದ ಮೇಲೆ ವಿಳಾಸ ಬಿಡಿಸುವ ಕೆಲಸ. ಯಾವ ಮಾದರಿಯ ವಿಳಾಸ ಯಾವ ಬಗೆಯ ಪುಟ ಎಂಬ ನಿಯಮಗಳ ಪಟ್ಟಿಗೆ ಅದನ್ನು ಹೋಲಿಸಿ, ‘ಈ ಹೆಸರಿನ ಪೋಸ್ಟ್ ಬೇಕು’ ಎಂದು ತೀರ್ಮಾನಿಸಲಾಗುತ್ತದೆ. ಡೇಟಾಬೇಸ್‌ಗೆ ಪ್ರಶ್ನೆ ಹೋಗುತ್ತದೆ. ಹೊಸದಾಗಿ ಹಾಕಿದ ವರ್ಡ್‌ಪ್ರೆಸ್‌ನಲ್ಲಿ 12 ಕೋಷ್ಟಕಗಳಿರುತ್ತವೆ; ಅವುಗಳಲ್ಲಿ ಪೋಸ್ಟ್ಸ್ ಎಂಬುದೇ ಯಜಮಾನ. ಲೇಖನ, ಪುಟ, ಹಾಕಿದ ಚಿತ್ರದ ವಿವರ, ಲೇಖನದ ಹಳೆಯ ಕರಡುಗಳು, ಕೊನೆಗೆ ಮೆನುವಿನ ಒಂದೊಂದು ಕೊಂಡಿಯೂ ಅದೇ ಕೋಷ್ಟಕದ ಒಂದೊಂದು ಸಾಲು. ಡೇಟಾಬೇಸ್ ಪಾಠ ಓದಿದವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನನಗೂ ಇದು ಸೊಗಸಾದ ವಿನ್ಯಾಸ ಅನ್ನಿಸಿಲ್ಲ. ಆದರೆ ‘ಪೋಸ್ಟ್’ ಎಂದರೆ ಬರಹ ಮಾತ್ರವಲ್ಲ, ಸಂಗ್ರಹಿಸಿಡುವ ಯಾವುದೇ ವಸ್ತು ಎಂದು ಒಮ್ಮೆ ಮನಸ್ಸಿಗೆ ಬಂದರೆ, ಪುಸ್ತಕ, ಪಾಕವಿಧಾನ, ಕೆರೆ ಎಂದು ನಮ್ಮದೇ ಬಗೆಗಳನ್ನು ಸೃಷ್ಟಿಸುವುದು ಸುಲಭವಾಗಿ ಅರ್ಥವಾಗುತ್ತದೆ.

ಪ್ರಶ್ನೆಗೆ ಉತ್ತರ ಬಂದ ಮೇಲಷ್ಟೇ ಟೆಂಪ್ಲೇಟ್ ಹುಡುಕಾಟ. ಈ ಒಂದೇ ಲೇಖನಕ್ಕೆಂದು ಪ್ರತ್ಯೇಕ ಟೆಂಪ್ಲೇಟ್ ಇದೆಯೇ? ಇಲ್ಲದಿದ್ದರೆ ಈ ಬಗೆಯ ಪೋಸ್ಟ್‌ಗೆ? ಅದೂ ಇಲ್ಲದಿದ್ದರೆ ಯಾವುದೇ ಬಿಡಿ ಪೋಸ್ಟ್‌ಗೆ? ಹೀಗೆ ವಿಶೇಷದಿಂದ ಸಾಮಾನ್ಯಕ್ಕೆ ಇಳಿಯುತ್ತ, ಏನೂ ಸಿಗದಿದ್ದರೆ ಥೀಮ್‌ನ ಇಂಡೆಕ್ಸ್ ಟೆಂಪ್ಲೇಟ್‌ಗೆ ಬಂದು ನಿಲ್ಲುತ್ತದೆ. ಸಿಕ್ಕ ಟೆಂಪ್ಲೇಟ್‌ನೊಳಗೆ ‘ಲೂಪ್’ ಎಂದು ಕರೆಯುವ ಪುಟ್ಟ ಸುತ್ತು ಇರುತ್ತದೆ: ಪೋಸ್ಟ್ ಉಳಿದಿದೆಯೇ ಎಂದು ಕೇಳು, ಇದ್ದರೆ ಒಂದನ್ನು ಎತ್ತಿಕೋ, ಶೀರ್ಷಿಕೆ ಮುದ್ರಿಸು, ಮೈಬರಹ ಮುದ್ರಿಸು. ತಯಾರಾದ ಎಚ್‌ಟಿಎಂಎಲ್ ಓದುಗನ ಬ್ರೌಸರ್‌ಗೆ ಹೋಗುತ್ತದೆ. ಸರ್ವರ್‌ನಲ್ಲಿ ಅಷ್ಟು ಹೊತ್ತು ಕಟ್ಟಿದ್ದೆಲ್ಲ ಅಳಿಸಿಹೋಗುತ್ತದೆ. ಮುಂದಿನ ಕೋರಿಕೆಗೆ ಎಲ್ಲವೂ ಮತ್ತೆ ಮೊದಲಿಂದ.

ಈ ಓಟದ ನಡುನಡುವೆ ಹೆಸರಿಟ್ಟ ಜಾಗಗಳಿವೆ. ಅವುಗಳನ್ನೇ ಹುಕ್ ಎನ್ನುವುದು. ಬಸ್ಸಿನ ಹಾದಿ ಮತ್ತು ನಿಲ್ದಾಣಗಳು ಮೊದಲೇ ನಿಗದಿಯಾಗಿರುತ್ತವೆ, ಯಾವ ನಿಲ್ದಾಣದಲ್ಲಿ ಯಾರು ಹತ್ತುತ್ತಾರೆ ಎಂಬುದು ಮಾತ್ರ ಚಾಲಕನಿಗೆ ಗೊತ್ತಿರುವುದಿಲ್ಲ, ಇದೂ ಹಾಗೆಯೇ. ವರ್ಡ್‌ಪ್ರೆಸ್‌ನ ತಿರುಳು ಪ್ರತಿ ಹುಕ್ ಬಳಿ ನಿಂತು, ಇಲ್ಲಿ ಯಾರಾದರೂ ಹೆಸರು ನೋಂದಾಯಿಸಿದ್ದಾರೆಯೇ ಎಂದು ನೋಡಿ, ಇದ್ದರೆ ಅವರ ಫಂಕ್ಷನ್ನನ್ನು ಕರೆದು ಮುಂದೆ ಸಾಗುತ್ತದೆ. ಹುಕ್‌ಗಳಲ್ಲಿ ಎರಡು ಜಾತಿ. ‘ಆ್ಯಕ್ಷನ್’ ಎಂದರೆ ಈ ಕ್ಷಣದಲ್ಲಿ ಏನಾದರೂ ಮಾಡು ಎಂಬ ಅವಕಾಶ. ‘ಫಿಲ್ಟರ್’ ಎಂದರೆ ಈ ಮೌಲ್ಯವನ್ನು ತಗೋ, ಬೇಕಿದ್ದರೆ ಬದಲಿಸಿ ವಾಪಸ್ ಕೊಡು ಎಂಬ ಅವಕಾಶ. ವಾಪಸ್ ಕೊಡುವುದನ್ನು ಮರೆತರೆ ಮೌಲ್ಯವೇ ಮಾಯ; ಫಿಲ್ಟರ್ ಬರೆದು ಇಡೀ ಲೇಖನದ ಮೈಬರಹ ಕಳೆದುಕೊಳ್ಳುವುದು ಹೊಸಬರಿಗೆ ಕಟ್ಟಿಟ್ಟ ಅನುಭವ.

2004ರ 1.2ನೇ ಆವೃತ್ತಿಯಲ್ಲಿ ಬಂದ, ಹುಕ್‌ಗಳ ಮೇಲೆ ನಿಂತ ಈ ಪ್ಲಗಿನ್ ವ್ಯವಸ್ಥೆಯೇ ವರ್ಡ್‌ಪ್ರೆಸ್‌ನ ಯಶಸ್ಸಿನ ಗುಟ್ಟು ಎಂದರೆ ಹೆಚ್ಚಾಗಲಾರದು. ತಿರುಳಿನ ಒಂದು ಸಾಲನ್ನೂ ಮುಟ್ಟದೆ ಅದರ ನಡತೆ ಬದಲಿಸಬಹುದು, ನಾಳೆ ಹೊಸ ಆವೃತ್ತಿ ಬಂದಾಗ ನಿಮ್ಮ ಬದಲಾವಣೆ ಅಳಿಯುವುದಿಲ್ಲ. ಮೊದಲ ಅಭ್ಯಾಸಕ್ಕೆ ಒಂದು ಉದಾಹರಣೆ: ಲೇಖನದ ಸಾರಾಂಶವಾಗಿ ವರ್ಡ್‌ಪ್ರೆಸ್ ತಾನಾಗಿ ಮೊದಲ 55 ಪದ ಎತ್ತಿಕೊಳ್ಳುತ್ತದೆ. ಪದವೆಂದರೆ ಅದಕ್ಕೆ ಎರಡು ಖಾಲಿಜಾಗದ ನಡುವೆ ಇರುವುದು. ಇಂಗ್ಲಿಷ್‌ನಲ್ಲಿ ಮೂರು ಪದ ಬೇಡುವುದನ್ನು ‘ಮನೆಯೊಳಗಿನಿಂದ’ ಎಂದು ಒಂದೇ ಪದದಲ್ಲಿ ಮುಗಿಸುವ ಕನ್ನಡದಲ್ಲಿ 55 ಎಂದರೆ ಸಾರಾಂಶವಾಗದೆ ಅರ್ಧ ಪುರಾಣವಾಗುತ್ತದೆ. ಸಾರಾಂಶದ ಉದ್ದದ ಫಿಲ್ಟರ್‌ಗೆ ‘30 ವಾಪಸ್ ಕೊಡು’ ಎಂಬ ಮೂರು ಸಾಲಿನ ಫಂಕ್ಷನ್ ಸಿಕ್ಕಿಸಿದರೆ ಮುಖಪುಟ ಅಂದವಾಗುತ್ತದೆ. ಇದನ್ನು ಕೊಂಡುತಂದ ಥೀಮ್‌ನಲ್ಲೇ ಬರೆಯದೆ ಸ್ವಂತ ಪುಟ್ಟ ಪ್ಲಗಿನ್‌ನಲ್ಲಿ ಬರೆಯಿರಿ. ಪ್ಲಗಿನ್ ಎಂದರೆ ಭಯಪಡುವಂಥದ್ದೇನೂ ಇಲ್ಲ: ನೆತ್ತಿಯ ಟಿಪ್ಪಣಿಯಲ್ಲಿ ಹೆಸರು ಬರೆದ ಒಂದೇ ಒಂದು ಕಡತ ಇದ್ದರೂ ಅದು ಪ್ಲಗಿನ್ನೇ.

ಈಗ ಕಡಿದ ವಿಳಾಸಕ್ಕೆ ಬರೋಣ. ಶೀರ್ಷಿಕೆಯಿಂದ ತಯಾರಾಗುವ ವಿಳಾಸದ ತುಂಡಿಗೆ ‘ಸ್ಲಗ್’ ಎಂಬ ಹೆಸರಿದೆ. ತಿರುಳಿನ ಕಡತಗಳಲ್ಲಿ ಹುಡುಕಿದರೆ, ಶೀರ್ಷಿಕೆಯನ್ನು ಸ್ಲಗ್ ಮಾಡುವ ಕೆಲಸ ‘ಸ್ಯಾನಿಟೈಜ್ ಟೈಟಲ್’ ಎಂಬ ಫಂಕ್ಷನ್‌ನದು ಎಂದು ತಿಳಿಯುತ್ತದೆ. ಅದು ಖಾಲಿಜಾಗಕ್ಕೆ ಅಡ್ಡಗೆರೆ ಹಾಕುವ ಇನ್ನೊಂದು ಫಂಕ್ಷನ್‌ಗೆ ಕೆಲಸ ದಾಟಿಸುತ್ತದೆ. ಅಲ್ಲಿ ಒಂದು ಸಾಲಿದೆ: ಯೂನಿಕೋಡ್ ಅಕ್ಷರಗಳನ್ನು ವಿಳಾಸಕ್ಕೆ ಒಗ್ಗುವಂತೆ ಸಂಕೇತಿಸು, 200 ದಾಟಿದರೆ ನಿಲ್ಲಿಸು. ಈ 200 ಎಲ್ಲಿಂದ ಬಂತು? ಪೋಸ್ಟ್ಸ್ ಕೋಷ್ಟಕದಲ್ಲಿ ಸ್ಲಗ್ ಕೂರುವ ಅಂಕಣದ ಅಗಲವೇ 200 ಅಕ್ಷರ.

ಇನ್ನುಳಿದದ್ದು ಲೆಕ್ಕ. ವಿಳಾಸದಲ್ಲಿ ಮೂಲತಃ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳಿಗೆ ಜಾಗ. ಉಳಿದ ಲಿಪಿಗಳ ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಹದಿನಾರು-ಮೂಲದ ಅಂಕಿಗಳಾಗಿ, ಅಂದರೆ ಮೂರು ಅಕ್ಷರಗಳಾಗಿ, ಬರೆಯಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೂರು ಮೂರಲಿ ಒಂಬತ್ತು. ಬರೀ ‘ಕ’ಕ್ಕೆ ಒಂಬತ್ತು; ‘ಕಿ’ ಎಂದರೆ ಕ ಮತ್ತು ಗುಡಿಸು ಸೇರಿ ಹದಿನೆಂಟು; ‘ಕ್ಷ’ ಎಂದರೆ ಕ, ವಿರಾಮ ಚಿಹ್ನೆ, ಷ ಸೇರಿ ಇಪ್ಪತ್ತೇಳು. ಕೆರೆಗಳ ಶೀರ್ಷಿಕೆಯಲ್ಲಿ ‘ಕಥೆ’ ಮುಗಿದು ಅದರ ಮುಂದಿನ ಖಾಲಿಜಾಗ ಸೇರುವ ಹೊತ್ತಿಗೆ 156 ಆಗಿರುತ್ತದೆ. ಮ, ತ, ವಿರಾಮ, ತ ಸೇರಿ 192. ಕೊಂಬು ಬಂದರೆ 201. ಒಂದೇ ಒಂದು ಅಕ್ಷರದ ಜಾಗ ಸಾಲದೆ ಕೊಂಬು ಹೊರಗುಳಿಯಿತು. ಸಂಕೇತಗಳ ಲೆಕ್ಕ ಇಡುವ ಕೋಡ್‌ಗೆ ಕನ್ನಡದ ಅಕ್ಷರ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಿಲ್ಲ. ಅದು ಒತ್ತಕ್ಷರದ ನಡುವೆಯೂ ಕತ್ತರಿ ಹಾಕುತ್ತದೆ.

ಪರಿಹಾರವೂ ಅಲ್ಲೇ ಇದೆ. ಆ ಎರಡನೆಯ ಫಂಕ್ಷನ್ ತಿರುಳಿಗೆ ಅಂಟಿಕೊಂಡು ಕೂತಿಲ್ಲ, ಅದೂ ಒಂದು ಫಿಲ್ಟರ್ ಮೂಲಕವೇ ಸಿಕ್ಕಿಸಲ್ಪಟ್ಟಿದೆ. ಅಂದರೆ ಅದಕ್ಕಿಂತ ಮೊದಲು ನಮ್ಮ ಫಂಕ್ಷನ್ ಹತ್ತಿ ಕುಳಿತು, ಕನ್ನಡ ಶೀರ್ಷಿಕೆಯನ್ನು ರೋಮನ್ ಅಕ್ಷರಕ್ಕೆ ಲಿಪ್ಯಂತರಿಸಿ ಮುಂದಕ್ಕೆ ಕೊಡಬಹುದು. ರಷ್ಯನ್ ಬರೆಯುವವರು ಸಿರಿಲಿಕ್ ಲಿಪಿಗೆ ಇಂಥ ಪ್ಲಗಿನ್‌ಗಳನ್ನು ಬಹಳ ಹಿಂದೆಯೇ ಮಾಡಿಕೊಂಡಿದ್ದಾರೆ. ಅವರ ಅಕ್ಷರಕ್ಕೆ ಎರಡೇ ಬೈಟ್, ಆದರೂ ಸಹಿಸಲಿಲ್ಲ. ಕನ್ನಡಕ್ಕೆ ಅದನ್ನು ಬರೆಯುವುದು ಸ್ವಂತ ಕಲಿಯುವವರಿಗೆ ಹದವಾದ ಸವಾಲು. ವ್ಯಂಜನದ ಒಳಗಿನ ‘ಅ’ಕಾರವನ್ನು ಯಾವಾಗ ಇಡಬೇಕು, ಯಾವಾಗ ಬಿಡಬೇಕು ಎಂದು ನಿರ್ಧರಿಸುವಾಗ ಮುಂದಿನ ಸಂಕೇತವನ್ನು ಇಣುಕಿ ನೋಡಬೇಕಾಗುತ್ತದೆ. ಆ ಒಂದು ಸಮಸ್ಯೆಯಲ್ಲೇ ಸ್ಟ್ರಿಂಗು, ಅರೇ, ಲೂಪು, ಷರತ್ತು ನಾಲ್ಕೂ ಬಂದುಹೋಗುತ್ತವೆ.

ಕೋಡ್‌ನಲ್ಲಿ ಅಷ್ಟೊಂದು ಪಳಗದವರು, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಿಂದ ಶುರುಮಾಡಬಹುದು. ಥೀಮ್‌ಗಳಲ್ಲಿ ಹೆಚ್ಚಿನವು ರೋಮನ್ ಅಕ್ಷರಕ್ಕೆಂದು ಅಳೆದವು. ದೊಡ್ಡ ಶೀರ್ಷಿಕೆ ಎರಡು ಸಾಲಿಗೆ ಹರಿದರೆ, ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಮೂಲ ಥೀಮ್ ಮುಟ್ಟದೆ ಅದರ ಮೇಲೆ ಕೂರುವ ಚೈಲ್ಡ್ ಥೀಮ್ ಮಾಡಿ ಸಾಲುಗಳ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಷ್ಟಕ್ಕೆ ಏರಿಸಿ ನೋಡಿ.

ಓದುವ ಬಗೆಯ ಕುರಿತು ಒಂದು ಮಾತು. ವಿಡಿಯೊ ಪಾಠ ನೋಡುವಾಗ ಎಲ್ಲ ತಿಳಿದಂತೆ ಇರುತ್ತದೆ, ಮರುದಿನ ಖಾಲಿ ಕಡತದ ಮುಂದೆ ಕುಳಿತರೆ ಕೈ ಓಡುವುದಿಲ್ಲ. ಇದು ಸೋಮಾರಿತನವಲ್ಲ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಓದಲು ಕೊಟ್ಟು, ಒಂದು ಗುಂಪಿಗೆ ಮತ್ತೆ ಓದಲು ಹೇಳಿದರು, ಇನ್ನೊಂದಕ್ಕೆ ಪುಸ್ತಕ ಮುಚ್ಚಿ ನೆನಪಿದ್ದನ್ನು ಬರೆಯಲು ಹೇಳಿದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಬರೆದವರು ಮುಂದಿದ್ದರು. ಹಾಗಾಗಿ ಕೋರಿಕೆಯ ಹಾದಿಯನ್ನು ಓದಿದ ಮೇಲೆ ಪರದೆ ಮುಚ್ಚಿ ಅದನ್ನು ಕಾಗದದ ಮೇಲೆ ಬರೆಯಬೇಕು. ಎಲ್ಲಿ ತಡವರಿಸುತ್ತದೋ ಅಲ್ಲಿ ಮಾತ್ರ ಮತ್ತೆ ಕೋಡ್ ತೆರೆಯಬೇಕು. ಒಂದು ಸಾಲು ಬದಲಿಸುವ ಮೊದಲು ‘ಈಗ ಏನಾಗುತ್ತದೆ’ ಎಂದು ಊಹಿಸಿ ಬರೆದಿಟ್ಟು, ಆಮೇಲೆ ಓಡಿಸಿ ನೋಡಬೇಕು. ಡೀಬಗ್ ಸೂಚನೆಯನ್ನು ಕಾನ್ಫಿಗ್ ಕಡತದಲ್ಲಿ ಮೊದಲ ದಿನವೇ ಚಾಲೂ ಮಾಡಿಡಿ, ಆದರೆ ನಿಮ್ಮ ಸ್ವಂತ ಗಣಕದಲ್ಲಿ ಮಾತ್ರ. ಗಣಕದಲ್ಲಿ ಸರ್ವರ್ ಹಾಕುವುದೂ ಕಷ್ಟವೆನಿಸಿದರೆ, ಪಿಎಚ್‌ಪಿಯನ್ನೇ ವೆಬ್‌ಅಸೆಂಬ್ಲಿಗೆ ಇಳಿಸಿ ಇಡೀ ವರ್ಡ್‌ಪ್ರೆಸ್ಸನ್ನು ಬ್ರೌಸರ್‌ನೊಳಗೇ ಓಡಿಸುವ ‘ಪ್ಲೇಗ್ರೌಂಡ್’ ಈಗ ಇದೆ. ಕೆಡಿಸಿದರೆ ಪುಟ ಮುಚ್ಚಿ ಮತ್ತೆ ತೆರೆದರಾಯಿತು.

ತಾವೇ ಕಲಿತವರು ಸಾಮಾನ್ಯವಾಗಿ ಹಿಂದೆ ಬೀಳುವುದು ಭದ್ರತೆಯಲ್ಲಿ, ಅದಕ್ಕೆ ಕಾರಣವೂ ಸ್ಪಷ್ಟ. ತಪ್ಪು ವ್ಯಾಕರಣ ಕೂಡಲೇ ಸದ್ದು ಮಾಡುತ್ತದೆ. ಅಸುರಕ್ಷಿತ ಕೋಡ್ ಸುಮ್ಮನೆ ಕೆಲಸ ಮಾಡುತ್ತಿರುತ್ತದೆ. ಓದುಗ ಹುಡುಕಿದ ಪದವನ್ನು ‘ನೀವು ಹುಡುಕಿದ್ದು ಇದು’ ಎಂದು ಪುಟದ ಮೇಲೆ ಹಾಗೇ ಮುದ್ರಿಸಿದಿರಿ ಅನ್ನಿ. ಪದದ ಬದಲು ಯಾರಾದರೂ ಜಾವಾಸ್ಕ್ರಿಪ್ಟ್ ತುಣುಕು ತುಂಬಿದ ಕೊಂಡಿಯೊಂದನ್ನು ತಾಣದ ನಿರ್ವಾಹಕರಿಗೆ ಕಳಿಸಿ, ಅವರು ಅದನ್ನು ಒತ್ತಿದರೆ, ಆ ತುಣುಕು ನಿರ್ವಾಹಕರ ಬ್ರೌಸರ್‌ನಲ್ಲಿ ನಿರ್ವಾಹಕರ ಅಧಿಕಾರದೊಂದಿಗೇ ಓಡುತ್ತದೆ. ಮುದ್ರಿಸುವ ಮೊದಲು ಎಸ್ಕೇಪ್ ಮಾಡುವ ಫಂಕ್ಷನ್ ಹಾಯಿಸಿದರೆ ಅದು ನಿರುಪದ್ರವಿ ಪಠ್ಯವಾಗಿ ಕಾಣುತ್ತದೆ. ಡೇಟಾಬೇಸ್‌ಗೆ ಹೋಗುವ ಪ್ರಶ್ನೆಯಲ್ಲಿ ಹೊರಗಿನವರ ಮಾತನ್ನು ನೇರ ಜೋಡಿಸದೆ ‘ಪ್ರಿಪೇರ್’ ಮೂಲಕ ಕಳಿಸುವುದು, ಈ ಕೆಲಸ ಮಾಡಲು ಈ ಬಳಕೆದಾರನಿಗೆ ಅಧಿಕಾರವಿದೆಯೇ ಎಂದು ಕೇಳುವುದು, ಫಾರ್ಮ್ ನಿಜಕ್ಕೂ ನಮ್ಮ ತಾಣದಿಂದಲೇ ಬಂತೇ ಎಂದು ‘ನಾನ್ಸ್’ ಎಂಬ ಅಲ್ಪಾಯುಷಿ ಗುರುತಿನಿಂದ ಪರೀಕ್ಷಿಸುವುದು ಇವೂ ಅದೇ ಸಾಲಿನವು. ಕಾಪಿ ಹೊಡೆದ ಎಂಟು ಸಾಲಿನಲ್ಲಿ ಇವು ಇವೆಯೇ ಎಂದು ನೋಡುವ ಕಣ್ಣು ಬಂದರೆ, ಕೋಡ್ ಯಾರೇ ಬರೆದುಕೊಡಲಿ, ನೀವು ಅದರ ಯಜಮಾನರು.

2015ರ ಡಿಸೆಂಬರ್‌ನಲ್ಲಿ ಮುಲ್ಲೆನ್‌ವೆಗ್ ವರ್ಡ್‌ಪ್ರೆಸ್ ಸಮುದಾಯಕ್ಕೆ ಜಾವಾಸ್ಕ್ರಿಪ್ಟನ್ನು ಆಳವಾಗಿ ಕಲಿಯಿರಿ ಎಂದು ಹೋಮ್‌ವರ್ಕ್ ಕೊಟ್ಟರು. ಮೂರು ವರ್ಷದ ನಂತರ, 2018ರ ಡಿಸೆಂಬರ್‌ನಲ್ಲಿ, ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಮೇಲೆ ಕಟ್ಟಿದ ಬ್ಲಾಕ್ ಎಡಿಟರ್ ಬಂತು. 2022ರಿಂದ ಟೆಂಪ್ಲೇಟ್‌ಗಳನ್ನೂ ಬ್ಲಾಕ್‌ಗಳಿಂದಲೇ ಕಟ್ಟಬಹುದು. ಹಾಗಾದರೆ ಪಿಎಚ್‌ಪಿ ಯಾಕೆ ಎಂದು ಹೊಸಬರು ಕೇಳುತ್ತಾರೆ. ಬ್ಲಾಕ್ ಥೀಮ್ ಬಂದರೂ ಕೋರಿಕೆ ಅದೇ ಹೆಬ್ಬಾಗಿಲಿನಿಂದ ಬರುತ್ತದೆ, ಅದೇ ಕ್ರಮದಲ್ಲಿ ಟೆಂಪ್ಲೇಟ್ ಹುಡುಕಲಾಗುತ್ತದೆ, ಅದೇ ಹುಕ್‌ಗಳು ಕೂಗು ಹಾಕುತ್ತವೆ. ಮೊದಲು ಪಿಎಚ್‌ಪಿ, ಆಮೇಲೆ ಜಾವಾಸ್ಕ್ರಿಪ್ಟ್ ಎಂಬುದು ನನ್ನ ಪಕ್ಷ. ಇದನ್ನು ಒಪ್ಪದ ಒಳ್ಳೆಯ ಡೆವಲಪರ್‌ಗಳೂ ಇದ್ದಾರೆ.

ಸ್ಲಗ್‌ನ ಗಂಟು ಬಿಡಿಸಿದವರಿಗೆ ಇನ್ನೊಂದು ಗಂಟಿದೆ. ವರ್ಡ್‌ಪ್ರೆಸ್‌ನ ಹುಡುಕು ಪೆಟ್ಟಿಗೆ ಡೇಟಾಬೇಸ್‌ಗೆ ಕೇಳುವುದು ಇಷ್ಟೇ: ಈ ಅಕ್ಷರಗಳ ಸರಣಿ ಶೀರ್ಷಿಕೆ, ಸಾರಾಂಶ ಅಥವಾ ಮೈಬರಹದ ಒಳಗೆ ಎಲ್ಲಾದರೂ ಇದೆಯೇ? ‘ಮರ’ ಎಂದು ಹುಡುಕಿದರೆ ‘ಮರದ’ ಇರುವ ಲೇಖನ ಸಿಗುತ್ತದೆ, ‘ಸಮರ’ ಇರುವುದೂ ಸಿಗುತ್ತದೆ. ‘ಕಾಡು’ ಎಂದು ಹುಡುಕಿದರೆ ಬರೀ ‘ಕಾಡಿನಲ್ಲಿ’ ಎಂದಿರುವ ಲೇಖನ ಸಿಗುವುದಿಲ್ಲ, ಏಕೆಂದರೆ ವಿಭಕ್ತಿ ಸೇರುವಾಗ ಕೊಂಬು ಲೋಪವಾಗಿದೆ. ಹುಡುಕಾಟದ ಪ್ರಶ್ನೆ ತಯಾರಾಗುವಲ್ಲಿ ಒಂದು ಫಿಲ್ಟರ್ ಇದೆ. ಅಲ್ಲಿ ಸಿಕ್ಕಿಸಿಕೊಂಡು, ಪದದ ಕೊನೆಯ ಸ್ವರಚಿಹ್ನೆ ಕಿತ್ತುಹಾಕಿ ಕಳಿಸಿದರೆ ‘ಕಾಡಿನಲ್ಲಿ’ ಬರುತ್ತದೆ, ‘ಕಾಡಲ್ಲಿ’ ಬರುತ್ತದೆ. ಕಣ್ಣಿಗೆ ಹಚ್ಚುವ ಕಾಡಿಗೆಯ ಲೇಖನವೂ ಬರುತ್ತದೆ. ಕಾಡಿಗೆಯನ್ನು ಬಿಟ್ಟು ಕಾಡನ್ನು ಆರಿಸಲು ಕನ್ನಡದ ಪದರಚನೆಯನ್ನೇ ಕೋಡ್‌ಗೆ ಕಲಿಸಬೇಕು, ಅದಕ್ಕೆ ವರ್ಡ್‌ಪ್ರೆಸ್‌ನಲ್ಲಿ ಸಿದ್ಧ ಹುಕ್ ಯಾವುದೂ ಇಲ್ಲ.